ಬೀಗದ ಕೈ ಇಲ್ಲದ ಆರು ಪೈಲ್ವಾನರು

ಒಂಬತ್ತು ಆಟ, ಒಂಬತ್ತು ಸೋಲು. ಪೋಕೆಮಾನ್ ಶೋಡೌನ್ ಅಂದರೆ ಪೋಕೆಮಾನ್ ಎಂಬ ಕಾಲ್ಪನಿಕ ಪ್ರಾಣಿಗಳ ಟೀಮ್ ಕಟ್ಟಿ ಕಾದಾಡಿಸುವ ಆನ್‌ಲೈನ್ ಆಟ. ಅದರ ಲ್ಯಾಡರ್‌ನಲ್ಲಿ, ಅಂದರೆ ಸೋಲು-ಗೆಲುವಿನ ಅಂಕಪಟ್ಟಿಯಲ್ಲಿ, ಎಲ್ಲರ ರೇಟಿಂಗೂ 1000ದಿಂದ ಶುರುವಾಗುತ್ತದೆ, ಎಷ್ಟೇ ಸೋತರೂ ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಆ ನಿಯಮ ಮಾಡಿದವರ ಹೊಟ್ಟೆ ತಣ್ಣಗಿರಲಿ. ಇಲ್ಲದಿದ್ದರೆ ಮೊದಲ ಶನಿವಾರ ರಾತ್ರಿಯೇ ನಾನು ಪಾತಾಳ ಮುಟ್ಟಿರುತ್ತಿದ್ದೆ.

ನಾನು ಆಡಿದ್ದು ಮೂರನೇ ತಲೆಮಾರಿನ ಓಯು, ಅಂದರೆ ಓವರ್‌ಯೂಸ್ಡ್ ಎಂಬ ವಿಭಾಗ. 2002ರಲ್ಲಿ ಜಪಾನಿನಲ್ಲಿ ಬಂದ ರೂಬಿ, ಸಫೈರ್ ಆಟಗಳ ಕಾಲದ ನಿಯಮಗಳು, ಆ ಕಾಲದ ಪೋಕೆಮಾನ್‌ಗಳು. ಹೊಸದನ್ನು ಬಿಟ್ಟು ಇಷ್ಟು ಹಳೆಯದಕ್ಕೆ ಯಾಕೆ ಬಿದ್ದೆ ಅಂದರೆ, ಹೊಸ ತಲೆಮಾರಿನಲ್ಲಿ ಇವತ್ತು ಕಟ್ಟಿದ ಟೀಮಿನ ಒಂದು ಕಾಲು ನಾಳೆ ನಿಷೇಧವಾಗಿರುತ್ತದೆ. ಹಳೆಯದು ಹಾಗಲ್ಲ, ಅದರ ಅಂಕಿಗಳು ಕಲ್ಲಿನ ಮೇಲೆ ಬರೆದ ಹಾಗೆ ನಿಂತಿವೆ. ದಿನವಿಡೀ ತುಮಕೂರಿನ ಒಂದು ಅಂಗಡಿಯ ಲೆಕ್ಕ ಬರೆಯುವ ನನಗೆ ಅಲುಗಾಡದ ಅಂಕಿ ಕಂಡರೆ ಒಂದು ಬಗೆಯ ನೆಮ್ಮದಿ. ಶೋಡೌನ್ 2011ರಿಂದ ಇದೆ, ಬ್ರೌಸರ್‌ನಲ್ಲೇ ಆಡಬಹುದು, ದುಡ್ಡು ಕೊಡಬೇಕಾಗಿಲ್ಲ. ಪೋಕೆಮಾನ್ ಹಿಡಿದು ಸಾಕಿ ಬೆಳೆಸುವ ತಾಪತ್ರಯವೂ ಇಲ್ಲ. ಆರು ಹೆಸರು ಬರೆದು, ಪ್ರತಿಯೊಂದಕ್ಕೂ ನಾಲ್ಕು ಮೂವ್ (ಹೊಡೆಯುವ ಪಟ್ಟುಗಳು), ಒಂದು ಐಟಂ, ಒಂದು ನೇಚರ್ (ಒಂದು ಅಂಕಿ ಏರಿಸಿ ಇನ್ನೊಂದು ಇಳಿಸುವ ಸ್ವಭಾವ) ಕೊಟ್ಟು, ಇವಿ ಅಂದರೆ ಬಲ ಹೆಚ್ಚಿಸುವ ಅಂಕಗಳನ್ನು ಹಂಚಿದರೆ ಟೀಮ್ ತಯಾರು.

ನನ್ನ ಮೊದಲ ಆರು: ಟಿರಾನಿಟಾರ್, ಸಲಮೆನ್ಸ್, ಮೆಟಾಗ್ರಾಸ್, ಹೆರಾಕ್ರಾಸ್, ಸ್ನಾರ್ಲ್ಯಾಕ್ಸ್, ಏರೋಡ್ಯಾಕ್ಟಿಲ್. ಪಟ್ಟಿ ನೋಡಿದರೆ ಎದೆ ಉಬ್ಬುತ್ತದೆ. ಒಂದೊಂದೂ ಹೊಡೆದರೆ ಗೋಡೆ ಬೀಳಬೇಕು.

ಗೋಡೆ ಬೀಳಲಿಲ್ಲ. ಎದುರಾಳಿಗಳಲ್ಲಿ ಹೆಚ್ಚಿನವರ ಬಳಿ ಸ್ಕಾರ್ಮರಿ ಎಂಬ ಉಕ್ಕಿನ ಹಕ್ಕಿ ಇತ್ತು. ಅದರ ಡಿಫೆನ್ಸ್‌ನ ಮೂಲ ಅಂಕಿ 140. ಪ್ರತಿ ಪೋಕೆಮಾನ್‌ಗೂ ಮೂವ್‌ಗೂ ಟೈಪ್ ಎಂಬ ಜಾತಿ ಇರುತ್ತದೆ, ಯಾವುದಕ್ಕೆ ಯಾವುದು ಎಷ್ಟು ತಾಗುತ್ತದೆ ಎಂಬುದು ಅದರ ಮೇಲೆ. ಇದಕ್ಕೆ ಸ್ಟೀಲ್ ಮತ್ತು ಫ್ಲೈಯಿಂಗ್ ಎರಡೂ ಟೈಪ್ ಸೇರಿದ್ದರಿಂದ ಅರ್ತ್‌ಕ್ವೇಕ್ ತಾಗುವುದೇ ಇಲ್ಲ, ಮೀಟಿಯರ್ ಮ್ಯಾಶ್ ಅರ್ಧ ಪೆಟ್ಟು, ಹೆರಾಕ್ರಾಸ್‌ನ ಮೆಗಾಹಾರ್ನ್ ಕಾಲು ಪೆಟ್ಟು. ನಾನು ಹೊಡೆದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಅದು ಮಾತ್ರ ಆರಾಮಾಗಿ ಕೂತು ನೆಲಕ್ಕೆ ಸ್ಪೈಕ್ಸ್ ಹಾಕುತ್ತಿತ್ತು: ಒಂದು ಪದರಕ್ಕೆ ಒಳಗೆ ಬಂದವರ ಜೀವದಲ್ಲಿ ಎಂಟನೇ ಒಂದು ಭಾಗ, ಎರಡಕ್ಕೆ ಆರನೇ ಒಂದು, ಮೂರಕ್ಕೆ ಕಾಲು ಭಾಗ. ಮೂರೂ ಹಾಕಿದ ಮೇಲೆ ವರ್ಲ್‌ವಿಂಡ್. ಗಾಳಿ ಊದಿ ನನ್ನವರನ್ನು ಒಬ್ಬೊಬ್ಬರಾಗಿ ಆಚೆ ತಳ್ಳುವುದು, ಹೊಸಬ ಮುಳ್ಳು ತುಳಿದು ಒಳಗೆ ಬರುವುದು. ಸಲಮೆನ್ಸ್, ಏರೋಡ್ಯಾಕ್ಟಿಲ್ ಹಾರುವವು, ಬಚಾವಾದವು. ಉಳಿದ ನಾಲ್ಕಕ್ಕೂ ಬಂದು ಹೋದಾಗಲೆಲ್ಲ ಕಾಲು ಜೀವ ಖರ್ಚು. ಐದನೇ ಆಟದಲ್ಲಿ ನನ್ನ ಸ್ನಾರ್ಲ್ಯಾಕ್ಸ್ ಒಂದೂ ಪೆಟ್ಟು ಹೊಡೆಯದೆ, ಬರೀ ಬಾಗಿಲಲ್ಲಿ ಬಂದು ಹೋಗಿಯೇ ಸತ್ತಿತು.

ಅಕ್ಕನ ಮಗ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಈ ಆಟದ ಹುಚ್ಚು ಹತ್ತಿಸಿದವನೂ ಅವನೇ. ರೀಪ್ಲೇ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು.

"ಮಾಮ, ಆರು ಜನಾನೂ ಕುಸ್ತಿಯವ್ರೇ. ಎದುರುಗಡೆ ಬಾಗ್ಲಿಗೆ ಬೀಗ ಹಾಕವ್ರೆ. ನಿನ್ನ ಹತ್ರ ಬೀಗದ ಕೈ ಎಲ್ಲಿದೆ?"

"ಬಾಗಿಲು ಮುರಿಯೋಣ ಅಂತಿದ್ದೆ."

"ಒಂಬತ್ತು ಸಲ ಮುರ್ದಿದ್ದು ನೋಡ್ದೆ ಬಿಡು."

ಬೀಗದ ಕೈ ಅಂದರೆ ಮ್ಯಾಗ್ನೆಟಾನ್. ನೋಡಲು ಮೂರು ಅಯಸ್ಕಾಂತ ಅಂಟಿಸಿದ ಗೋಲಿಗಳು, ಜೀವದ ಮೂಲ ಅಂಕಿ ಬರೀ 50. ಪಟ್ಟಿಯಲ್ಲಿ ನೋಡಿ ಒಮ್ಮೆ ನಕ್ಕು ಮುಂದೆ ಹೋಗಿದ್ದೆ. ಆದರೆ ಅದಕ್ಕೆ ಮ್ಯಾಗ್ನೆಟ್ ಪುಲ್ ಎಂಬ ಗುಣ ಇದೆ. ಎದುರಿಗೆ ಸ್ಟೀಲ್ ಟೈಪ್ ನಿಂತಿದ್ದರೆ ಅದು ಸ್ವಿಚ್ ಮಾಡಿ ಓಡಿಹೋಗುವಂತಿಲ್ಲ. ಸ್ಕಾರ್ಮರಿ ಸಿಕ್ಕಿಬಿದ್ದರೆ ಮುಗಿಯಿತು. ಪೆಟ್ಟಿನಲ್ಲಿ ಎರಡು ಬಗೆ: ಫಿಸಿಕಲ್ ಪೆಟ್ಟಿಗೆ ಅಟ್ಯಾಕ್, ಡಿಫೆನ್ಸ್ ಲೆಕ್ಕ; ಸ್ಪೆಷಲ್ ಪೆಟ್ಟಿಗೆ ಸ್ಪೆಷಲ್ ಅಟ್ಯಾಕ್, ಸ್ಪೆಷಲ್ ಡಿಫೆನ್ಸ್ ಲೆಕ್ಕ. ಲೆಕ್ಕ ಹಾಕಿದೆ: ಮಾಡೆಸ್ಟ್ ನೇಚರ್, ಸ್ಪೆಷಲ್ ಅಟ್ಯಾಕ್‌ಗೆ 252 ಇವಿ ಕೊಟ್ಟ ಮ್ಯಾಗ್ನೆಟಾನ್‌ನ ಥಂಡರ್‌ಬೋಲ್ಟ್, ಸ್ಪೆಷಲ್ ಡಿಫೆನ್ಸ್‌ಗೆ ಏನೂ ಹಾಕದ ಸ್ಕಾರ್ಮರಿಗೆ ಕಡಿಮೆ ಅಂದರೂ 433. ಸ್ಕಾರ್ಮರಿಯ ಜೀವ ಹೆಚ್ಚೆಂದರೆ 334. ಸ್ಪೆಷಲ್ ಡಿಫೆನ್ಸ್‌ಗೇ ಪೂರ್ತಿ ಇವಿ ಸುರಿದು ಕೇರ್‌ಫುಲ್ ನೇಚರ್ ಕೊಟ್ಟಿದ್ದರೆ ಮಾತ್ರ ಪೆಟ್ಟು 292ರಿಂದ 344ರ ನಡುವೆ ಬೀಳುತ್ತದೆ, ಅದು ಉಳಿದುಕೊಳ್ಳುವ ಸಂಭವವೇ ಹೆಚ್ಚು. ಒಂದು ಸಲ ನನಗೂ ಹಾಗೇ ಆಯಿತು. ಉಳಿದ ಚೂರು ಜೀವದಲ್ಲಿ ಅದು ವರ್ಲ್‌ವಿಂಡ್ ಊದಿ ಮ್ಯಾಗ್ನೆಟಾನನ್ನೇ ಆಚೆ ಹಾಕಿತು. ಹಿಡಿದವನನ್ನೇ ಹೊಸಿಲು ದಾಟಿಸಿದ ಹಕ್ಕಿ.

ಈ ಹಳೆಯ ತಲೆಮಾರಿನ ದೊಡ್ಡ ಗಮ್ಮತ್ತು ಇನ್ನೊಂದಿದೆ. ಆಟ ಶುರುವಾಗುವ ಮುಂಚೆ ಎದುರಾಳಿಯ ಆರು ಜನ ಯಾರೆಂದು ಕಾಣುವುದಿಲ್ಲ. ಟೀಮ್ ತೋರಿಸುವ ಪದ್ಧತಿ ಬಂದದ್ದು ಐದನೇ ತಲೆಮಾರಿನಲ್ಲಿ. ಹಾಗಾಗಿ ಮ್ಯಾಗ್ನೆಟಾನ್ ಇದೆ ಎಂಬುದನ್ನು ಬಚ್ಚಿಡಬಹುದು, ಬಚ್ಚಿಡಲೇಬೇಕು. ಮೊದಲೆರಡು ದಿನ ನಾನು ಅದನ್ನು ನೀರಿನ ಪೋಕೆಮಾನ್ ಬಂದಾಗಲೆಲ್ಲ ಖುಷಿಯಿಂದ ಒಳಗೆ ಬಿಟ್ಟೆ. ಆಮೇಲೆ ಯಾವ ಸ್ಕಾರ್ಮರಿಯೂ ತಲೆ ಹಾಕಲಿಲ್ಲ. ಈಗ ಕ್ರಮ ಬೇರೆ: ಟಿರಾನಿಟಾರ್ ಒಳಗೆ ಬರುತ್ತದೆ, ಎದುರಾಳಿ ಅಭ್ಯಾಸಬಲದಿಂದ ಸ್ಕಾರ್ಮರಿ ತರುತ್ತಾನೆ, ಅದು ಮೊದಲ ಪದರ ಸ್ಪೈಕ್ಸ್ ಹಾಕುವ ಹೊತ್ತಿಗೆ ನಾನು ಮ್ಯಾಗ್ನೆಟಾನ್‌ಗೆ ಬದಲಿಸಿರುತ್ತೇನೆ. ಒಂದು ಪದರ ಅವನಿಗೆ, ಹಕ್ಕಿ ನನಗೆ. ಈ ವ್ಯಾಪಾರದಲ್ಲಿ ನನಗೆ ನಷ್ಟವಿಲ್ಲ.

ಮ್ಯಾಗ್ನೆಟಾನ್‌ನ ಇನ್ನೊಂದು ಮೂವ್ ಹಿಡನ್ ಪವರ್ ಫೈರ್. ಸ್ಪೈಕ್ಸ್ ಹಾಕುವ ಇನ್ನೊಬ್ಬ ಸ್ಟೀಲ್ ಫೋರೆಟ್ರೆಸ್‌ಗೆ ಬೆಂಕಿ ನಾಲ್ಕು ಪಟ್ಟು ತಾಗುತ್ತದೆ. ಹಿಡನ್ ಪವರ್ ಯಾವ ಟೈಪ್ ಆಗಬೇಕೆಂದು ತೀರ್ಮಾನವಾಗುವುದು ಐವಿಗಳ, ಅಂದರೆ ಹುಟ್ಟಿನಿಂದ ಬರುವ 0ರಿಂದ 31ರ ಅಂಕಿಗಳ ಸಮ-ಬೆಸದ ಮೇಲೆ. ಫೈರ್ ಬೇಕಿದ್ದರೆ ಅಟ್ಯಾಕ್, ಸ್ಪೆಷಲ್ ಅಟ್ಯಾಕ್, ಸ್ಪೀಡ್ ಮೂರರ ಐವಿಯನ್ನೂ 31ರ ಬದಲು 30 ಇಡಬೇಕು. ಒಂದೊಂದು ಅಂಕಿ ಕಮಿಷನ್ ಕೊಟ್ಟ ಹಾಗೆ.

ಪೈಲ್ವಾನರಲ್ಲಿ ನಾಲ್ವರಿಗೆ ರಜೆ ಕೊಟ್ಟೆ. ಟಿರಾನಿಟಾರ್ ಮತ್ತು ಮೆಟಾಗ್ರಾಸ್ ಉಳಿದವು. ಮ್ಯಾಗ್ನೆಟಾನ್ ಜೊತೆಗೆ ಲೀಡ್‌ಗೆ, ಅಂದರೆ ಮೊದಲು ಕಣಕ್ಕಿಳಿಯಲು ಝ್ಯಾಪ್‌ಡೋಸ್, ಎದುರಾಳಿಯ ಟಿರಾನಿಟಾರ್ ಮತ್ತು ಏರೋಡ್ಯಾಕ್ಟಿಲ್ ತಡೆಯಲು ಸ್ವಾಂಪರ್ಟ್, ಆರನೆಯದು ಗೆಂಗಾರ್. ಮೆಟಾಗ್ರಾಸ್ ಇಲ್ಲಿ ಬಲಿಪಶು. ಟಿರಾನಿಟಾರ್‌ನ ದಾರಿಗೆ ಸ್ವಾಂಪರ್ಟ್ ಅಥವಾ ಸ್ಯೂಕೂನ್ ಅಡ್ಡ ಬಂದರೆ ಎಕ್ಸ್‌ಪ್ಲೋಷನ್, ತಾನೇ ಸಿಡಿದು ಸಾಯುವ ಪೆಟ್ಟು. ಆ ಮೂವ್‌ನ ಬಲ 250, ಮೇಲೆ ಈ ತಲೆಮಾರಿನಲ್ಲಿ ಅದು ಎದುರಾಳಿಯ ಡಿಫೆನ್ಸನ್ನು ಅರ್ಧ ಮಾಡಿ ಲೆಕ್ಕ ಹಾಕುತ್ತದೆ. 500 ಅಂದುಕೊಳ್ಳಿ. ಸ್ವಾಂಪರ್ಟ್ ಮತ್ತು ಝ್ಯಾಪ್‌ಡೋಸ್ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ, ಮನೆಯ ಹಿರಿಯರ ಹಾಗೆ ಸದ್ದಿಲ್ಲದೆ ಕೆಲಸ ಮಾಡುತ್ತವೆ.

ಗೆಂಗಾರ್ ವಿಷಯದಲ್ಲಿ ಮಾನ ಹೋಯಿತು. ಅದು ದೆವ್ವ, ಶ್ಯಾಡೋ ಬಾಲ್ ದೆವ್ವದ ಮೂವ್, ಟೈಪ್ ಹೊಂದಿದ್ದಕ್ಕೆ ಒಂದೂವರೆ ಪಟ್ಟು ಪೆಟ್ಟು. ಕಣ್ಣು ಮುಚ್ಚಿ ಹಾಕಿದೆ. ಎದುರಾಳಿಯ ಸ್ಟಾರ್ಮಿ ಎರಡು ಸಲ ತಿಂದೂ ನಗುತ್ತಾ ನಿಂತಿತು. ಯಾಕೆಂದು ಅರ್ಧ ಗಂಟೆ ತಲೆ ಕೆರೆದುಕೊಂಡೆ. 2006ರ ಡೈಮಂಡ್, ಪರ್ಲ್ ಬರುವವರೆಗೆ ಮೂವ್ ಫಿಸಿಕಲ್ಲೋ ಸ್ಪೆಷಲ್ಲೋ ಎಂಬುದು ಮೂವ್ ನೋಡಿಕೊಂಡಲ್ಲ, ಟೈಪ್ ನೋಡಿಕೊಂಡು. ಬೆಂಕಿ, ನೀರು, ಹುಲ್ಲು, ಕರೆಂಟು, ಹಿಮ, ಸೈಕಿಕ್, ಡ್ರ್ಯಾಗನ್, ಡಾರ್ಕ್ ಇವೆಲ್ಲ ಸ್ಪೆಷಲ್. ಗೋಸ್ಟ್ ಫಿಸಿಕಲ್! ಟಿಮಿಡ್ ನೇಚರ್ ಕೊಟ್ಟ ನನ್ನ ಗೆಂಗಾರ್‌ನ ಸ್ಪೆಷಲ್ ಅಟ್ಯಾಕ್ 359, ಅಟ್ಯಾಕ್ 149. ನಾನು 359 ಬಿಟ್ಟು 149ರಲ್ಲಿ ಹೊಡೆಸುತ್ತಿದ್ದೆ. ಹಲ್ಲಿದ್ದೂ ಒಸಡಿನಲ್ಲಿ ಕಡಲೆ ಅಗಿದ ಹಾಗೆ. ಶ್ಯಾಡೋ ಬಾಲ್ ತೆಗೆದು ಥಂಡರ್‌ಬೋಲ್ಟ್, ಐಸ್ ಪಂಚ್, ವಿಲ್-ಓ-ವಿಸ್ಪ್, ಎಕ್ಸ್‌ಪ್ಲೋಷನ್ ಹಾಕಿದೆ. ಅದೇ ವಾರ ಇನ್ನೊಂದು ಗೆಲ್ಲುವ ಆಟ ಮಳೆಗೆ ಹೋಯಿತು. ಕರೆಂಟ್ ಹೋದ ಕೂಡಲೇ ರೂಟರ್ ಆರಿತು, ಫೋನ್‌ನ ಹಾಟ್‌ಸ್ಪಾಟ್ ಹಚ್ಚುವಷ್ಟರಲ್ಲಿ ಟೈಮರ್ ಮುಗಿದಿತ್ತು. ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ರೇಟಿಂಗ್ ಹಿಡಿಯಿತು.

ಈಗ ಟಿರಾನಿಟಾರ್. ಇಡೀ ಟೀಮ್ ಕಟ್ಟಿದ್ದೇ ಇದಕ್ಕಾಗಿ. ಮೂವ್‌ಗಳು ಡ್ರ್ಯಾಗನ್ ಡಾನ್ಸ್, ರಾಕ್ ಸ್ಲೈಡ್, ಅರ್ತ್‌ಕ್ವೇಕ್, ಐಸ್ ಬೀಮ್. ಸ್ಕಾರ್ಮರಿ ಹೋದ ಮೇಲೆ ಒಂದು ಡ್ರ್ಯಾಗನ್ ಡಾನ್ಸ್ ಮಾಡಿದರೆ ಅಟ್ಯಾಕೂ ಸ್ಪೀಡೂ ಒಂದೂವರೆ ಪಟ್ಟಾಗುತ್ತವೆ, ಆಮೇಲೆ ಕಟಾವು.

ಮೊದಲು ಕೊಟ್ಟಿದ್ದ ಹಂಚಿಕೆ ಹೀಗಿತ್ತು: ಅಟ್ಯಾಕ್ 252, ಸ್ಪೀಡ್ 192, ಉಳಿದ 64 ಜೀವಕ್ಕೆ. ನೇಚರ್ ಅಟ್ಯಾಕ್ ಹೆಚ್ಚಿಸುವ ಅಡಮಂಟ್. ಒಬ್ಬ ಪೋಕೆಮಾನ್‌ಗೆ ಸಿಗುವ ಬಜೆಟ್ 510 ಇವಿ, 4 ಇವಿಗೆ ಒಂದು ಅಂಕಿ, ಆದ್ದರಿಂದ ಉಪಯೋಗಕ್ಕೆ ಬರುವುದು 508. ಸ್ಪೀಡ್ 192 ಯಾಕೆ? ಟಿರಾನಿಟಾರ್‌ನ ಮೂಲ ಸ್ಪೀಡ್ 61. ಇಮ್ಮಡಿಸಿದರೆ 122, ಐವಿ 31, ಇವಿಯಿಂದ 48, ಮೇಲೆ 5. ಒಟ್ಟು 206. ಡಾನ್ಸ್ ಆದ ಮೇಲೆ 309. ಮೂಲ ಸ್ಪೀಡ್ 100 ಇರುವವರು, ಅಂದರೆ ಸಲಮೆನ್ಸ್, ಝ್ಯಾಪ್‌ಡೋಸ್, ಸೆಲೆಬಿ, ಜಿರಾಚಿ, ಪೂರ್ತಿ ಇವಿ ಹಾಕಿ ಸಾಮಾನ್ಯ ನೇಚರ್‌ನಲ್ಲಿದ್ದರೆ 299. ಹತ್ತು ಅಂಕಿ ಮುಂದಿದ್ದೇನೆ, ಸಾಕು ಅಂದುಕೊಂಡೆ. 64 ಇವಿಯಿಂದ ಜೀವ 341 ಇದ್ದದ್ದು 357 ಆಗಿತ್ತು, ಅದರ ಖುಷಿ ಬೇರೆ.

ಹದಿನೇಳನೇ ಆಟ. ಸ್ಕಾರ್ಮರಿ ಬಂತು, ಮ್ಯಾಗ್ನೆಟಾನ್ ಹಿಡಿಯಿತು. ಸ್ಯೂಕೂನ್ ಮೇಲೆ ಮೆಟಾಗ್ರಾಸ್ ಸ್ಫೋಟಿಸಿತು. ಟಿರಾನಿಟಾರ್ ಒಂದು ಪೆಟ್ಟು ತಿಂದು ಡಾನ್ಸ್ ಮಾಡಿ ಒಬ್ಬನನ್ನು ಕೆಡವಿತು. ಎಲ್ಲ ಬರೆದಿಟ್ಟ ಹಾಗೆ. ಅವನು ಸಲಮೆನ್ಸ್ ತಂದ. ಎದುರಿನವನ ಅಟ್ಯಾಕ್ ಇಳಿಸುವ ಅದರ ಗುಣ ಇಂಟಿಮಿಡೇಟ್‌ನಿಂದ ನನ್ನ ಅಟ್ಯಾಕ್ ಮೊದಲಿನ ಜಾಗಕ್ಕೆ ಇಳಿಯಿತು, ಸ್ಪೀಡ್ ಹಾಗೇ ಇದೆ. ರಾಕ್ ಸ್ಲೈಡ್ ಒತ್ತಿ ಕಾಫಿ ಲೋಟಕ್ಕೆ ಕೈ ಹಾಕಿದೆ. ಪರದೆಯ ಮೇಲೆ ಮೊದಲು ಮೂಡಿದ್ದು ಅವನ ಸಾಲು. ಬ್ರಿಕ್ ಬ್ರೇಕ್. ರಾಕ್ ಮತ್ತು ಡಾರ್ಕ್ ಎರಡಕ್ಕೂ ಫೈಟಿಂಗ್ ಅಂದರೆ ಸಿಂಹಸ್ವಪ್ನ, ನಾಲ್ಕು ಪಟ್ಟು. ಟಿರಾನಿಟಾರ್ ಬಿತ್ತು, ನನ್ನ ರಾಕ್ ಸ್ಲೈಡ್ ನಡೆಯಲೇ ಇಲ್ಲ.

ಅವನ ಸಲಮೆನ್ಸ್‌ನದು ವೇಗ ಹೆಚ್ಚಿಸುವ ನೇಚರ್. 299 ಅಲ್ಲ, 328. ನಾನು ಪಕ್ಕದ ಮನೆಯವನ ಸಂಬಳವನ್ನು ಮೂರು ವರ್ಷ ಹಿಂದಿನ ಲೆಕ್ಕದಲ್ಲಿ ಅಂದಾಜು ಮಾಡಿದ ಹಾಗಾಗಿತ್ತು. ಆ 64 ಇವಿಯಿಂದ ಸಿಕ್ಕ 16 ಅಂಕಿ ಜೀವ ಯಾವ ಉಪಕಾರವನ್ನೂ ಮಾಡಲಿಲ್ಲ.

ಅಂದು ರಾತ್ರಿ ಊಟ ಆದ ಮೇಲೆ ನೋಟ್‌ಬುಕ್ ತೆಗೆದೆ. ಆಫೀಸಿನ ಹಾಳೆ ಅಲ್ಲ, ನನ್ನದೇ. 328 ದಾಟಲು ಎಷ್ಟು ಬೇಕು? ಡಾನ್ಸ್‌ಗೆ ಮುಂಚೆ 219 ಇದ್ದರೆ ಒಂದೂವರೆ ಪಟ್ಟು ಮಾಡಿ ದಶಾಂಶ ಬಿಟ್ಟಾಗ 328, ಸಮ-ಸಮ, ಯಾರು ಮೊದಲು ಎಂಬುದು ನಾಣ್ಯ ಚಿಮ್ಮಿದ ಹಾಗೆ. 220 ಇದ್ದರೆ 330. ಅದಕ್ಕೆ 248 ಇವಿ ಬೇಕು. ಇಷ್ಟು ಬಂದ ಮೇಲೆ ಇನ್ನೊಂದು 4 ಯಾಕೆ ಉಳಿಸುವುದು, 252 ಕೊಟ್ಟರೆ 221, ಡಾನ್ಸ್ ಆದ ಮೇಲೆ 331. ಮೂರು ಅಂಕಿ ಮುಂದೆ.

ಮೊದಲು ಹೊಡೆದರೆ ಸಾಲದು, ಸಾಯಲೂ ಬೇಕಲ್ಲ. ಇಂಟಿಮಿಡೇಟ್ ಆದ ಮೇಲೆ ನನ್ನ ಅಟ್ಯಾಕ್ 403. ಸಲಮೆನ್ಸ್ ಡಿಫೆನ್ಸ್‌ಗೆ ಏನೂ ಹಾಕಿರದಿದ್ದರೆ 196. ರಾಕ್ ಸ್ಲೈಡ್‌ನ ಪೆಟ್ಟು 333ರಿಂದ 392. ಜೀವಕ್ಕೂ ಇವಿ ಹಾಕದ ಸಲಮೆನ್ಸ್‌ನ ಜೀವ 331. ಈ ಸಾಲು ಬರೆದು ಪೆನ್ ಕೆಳಗಿಟ್ಟೆ. ಕನಿಷ್ಠ ಪೆಟ್ಟು ಬಿದ್ದರೂ ಎರಡೇ ಎರಡು ಅಂಕಿ ಹೆಚ್ಚು. ತಿಂಗಳ ಕೊನೆಗೆ ಬ್ಯಾಲೆನ್ಸ್ ತಾಳೆಯಾದಾಗ ಆಗುವ ಸಂತೋಷ ಇದೆಯಲ್ಲ, ಅದು.

ಅಳಿಯನಿಗೆ ಆ ರಾತ್ರಿಯೇ ಫೋನ್ ಮಾಡಿದೆ. ಅವನ ಮೊದಲ ಪ್ರಶ್ನೆ: "ಜಾಲಿ ಯಾಕೆ ಬೇಡ ಮಾಮ? ಸ್ಟಾರ್ಮಿನೂ ದಾಟ್ತೀಯ."

ನಿಜ. ಜಾಲಿ ನೇಚರ್ ಕೊಟ್ಟರೆ ಸ್ಪೀಡ್ 243, ಡಾನ್ಸ್ ಆದ ಮೇಲೆ 364. ಗೆಂಗಾರ್ 350, ಸ್ಟಾರ್ಮಿ 361, ಇಬ್ಬರೂ ಹಿಂದೆ ಬೀಳುತ್ತಾರೆ. ಬೆಲೆ ಏನು? ಅಟ್ಯಾಕ್ 403ರಿಂದ 367ಕ್ಕೆ ಇಳಿಯುತ್ತದೆ. ಅದೇ ಸಲಮೆನ್ಸ್‌ಗೆ ಅದೇ ರಾಕ್ ಸ್ಲೈಡ್ ಈಗ 302ರಿಂದ 356. ಪೆಟ್ಟಿನ ಏರಿಳಿತದಲ್ಲಿ 16 ಮೆಟ್ಟಿಲು ಇವೆ, ಅದರಲ್ಲಿ 8ರಲ್ಲಿ ಮಾತ್ರ ಸಾಯುತ್ತದೆ. ಐಸ್ ಬೀಮ್? ಡ್ರ್ಯಾಗನ್ ಮತ್ತು ಫ್ಲೈಯಿಂಗ್‌ಗೆ ಹಿಮ ನಾಲ್ಕು ಪಟ್ಟು, ಗುರಿ ತಪ್ಪುವುದಿಲ್ಲ. ಆದರೆ ಅಡಮಂಟ್ ಟಿರಾನಿಟಾರ್‌ನ ಸ್ಪೆಷಲ್ ಅಟ್ಯಾಕ್ ಬರೀ 203. ವೇಗ ಹೆಚ್ಚಿಸುವ ನೈವ್ ನೇಚರ್‌ನ ಸಲಮೆನ್ಸ್‌ಗೆ 319ರಿಂದ 376, 16ರಲ್ಲಿ 12. ಅಂದರೆ ನೂರಕ್ಕೆ 75. ರಾಕ್ ಸ್ಲೈಡ್ ತಾಗುವುದು ನೂರಕ್ಕೆ 90, ತಾಗಿದರೆ ಸಾವು ಖಚಿತ. ಅಡಮಂಟ್, ರಾಕ್ ಸ್ಲೈಡ್, ಕಡ್ಡಿ ಮುರಿದ ಹಾಗೆ ತೀರ್ಮಾನ ಮಾಡಿದೆ. ಸ್ಟಾರ್ಮಿ, ಗೆಂಗಾರ್ ಬಂದರೆ ಬರಲಿ, ಅವಕ್ಕೆ ಝ್ಯಾಪ್‌ಡೋಸ್ ಇದ್ದಾನೆ.

"ನೀನು ಆಟ ಆಡ್ತಿದೀಯೋ ಆಡಿಟ್ ಮಾಡ್ತಿದೀಯೋ?" ಅಂದ.

ಹೊಸ ಹಂಚಿಕೆಯಲ್ಲಿ ಅಟ್ಯಾಕ್ 252, ಸ್ಪೀಡ್ 252, ಉಳಿದ 4 ಜೀವಕ್ಕೆ, ಒಟ್ಟು ಜೀವ 342. ಮುಂದಿನ ಹದಿನೈದು ದಿನ ನಿಧಾನವಾಗಿ ಮೇಲೆ ಹತ್ತಿದೆ. ಗೆದ್ದ ಆಟಗಳೆಲ್ಲ ಹೆಚ್ಚು ಕಡಿಮೆ ಒಂದೇ ಬಗೆಯವು, ಬರೆಯಲು ಏನಿಲ್ಲ. ಇಷ್ಟು ಮಾತ್ರ ಹೇಳಬಹುದು: ಟಿರಾನಿಟಾರ್ ತರುವ ಮರಳುಗಾಳಿ ಈ ತಲೆಮಾರಿನಲ್ಲಿ ತಾನಾಗಿ ನಿಲ್ಲುವುದಿಲ್ಲ, ರಾಕ್, ಗ್ರೌಂಡ್, ಸ್ಟೀಲ್ ಅಲ್ಲದವರಿಗೆಲ್ಲ ಸರದಿಗೆ ಹದಿನಾರನೇ ಒಂದು ಭಾಗ ಕಿತ್ತುಕೊಳ್ಳುತ್ತಲೇ ಇರುತ್ತದೆ. ಸರದಿಗೊಮ್ಮೆ ಜೀವ ತುಂಬುವ ಲೆಫ್ಟೋವರ್ಸ್ ಐಟಂ ತಿಂದು ಗಳಿಸುವುದೂ ಹದಿನಾರನೇ ಒಂದು ಭಾಗವೇ. ಎದುರಾಳಿಯ ಬ್ಲಿಸ್ಸಿಗೆ ದುಡಿದದ್ದು ಬಡ್ಡಿಗೇ ಸರಿಹೋಗುತ್ತದೆ. ನನ್ನ ಗೆಂಗಾರ್, ಝ್ಯಾಪ್‌ಡೋಸ್‌ಗೂ ಅದೇ ಗತಿ ಎಂಬುದು ಬೇರೆ ಮಾತು.

ಕಳೆದ ಭಾನುವಾರ ಅಳಿಯ ಚಾಲೆಂಜ್ ಕಳಿಸಿದ. ಆ ಹದಿನೇಳನೇ ಆಟದ ರೀಪ್ಲೇ ನೋಡಿಕೊಂಡು ಅದೇ ಸಲಮೆನ್ಸನ್ನು ತಾನೂ ಕಟ್ಟಿಕೊಂಡು ಬಂದಿದ್ದ, ಕಳ್ಳ. ಅವನ ಸ್ಕಾರ್ಮರಿಯನ್ನು ಮ್ಯಾಗ್ನೆಟಾನ್ ಹಿಡಿಯಿತು, ಅಷ್ಟರಲ್ಲಿ ಒಂದು ಪದರ ಸ್ಪೈಕ್ಸ್ ಬಿದ್ದಿತ್ತು. ಗೆಂಗಾರ್, ಝ್ಯಾಪ್‌ಡೋಸ್, ಸ್ವಾಂಪರ್ಟ್, ಮೆಟಾಗ್ರಾಸ್ ನಾಲ್ಕೂ ಹೋದವು, ಅವನ ಕಡೆಯೂ ಮೂವರು ಉಳಿದರು. ಟಿರಾನಿಟಾರ್ ಮುಳ್ಳು ತುಳಿದು ಒಳಗೆ ಬಂತು, 42 ಹೋಯಿತು. ಅರ್ಧ ಜೀವದ ಬ್ಲಿಸ್ಸಿ ಅರೋಮಾಥೆರಪಿ ಮಾಡಿ ಉಳಿದವರ ಕಾಯಿಲೆ ವಾಸಿ ಮಾಡುತ್ತಿದ್ದ ಸರದಿಯಲ್ಲಿ ನಾನು ಡಾನ್ಸ್ ಮಾಡಿದೆ. ಮುಂದಿನ ಸರದಿಯಲ್ಲಿ ಬ್ಲಿಸ್ಸಿ ಬಿತ್ತು. ಲೆಫ್ಟೋವರ್ಸ್ 21, 21 ಸೇರಿಸುತ್ತಾ ನನ್ನ ಜೀವವನ್ನು ಮತ್ತೆ 342ಕ್ಕೆ ತಂದಿತ್ತು.

ಸಲಮೆನ್ಸ್ ಬಂತು.

331 ಎದುರು 328. ಈ ಸಲ ಮೊದಲ ಸಾಲು ನನ್ನದೇ ಮೂಡಿತು: ಟಿರಾನಿಟಾರ್ ರಾಕ್ ಸ್ಲೈಡ್ ಪ್ರಯೋಗಿಸಿತು. ಎರಡನೇ ಸಾಲು: ಗುರಿ ತಪ್ಪಿತು. ಆ ನೂರಕ್ಕೆ ಹತ್ತು ಇವತ್ತೇ, ಇವನ ಎದುರೇ ಬರಬೇಕಿತ್ತು. ಬ್ರಿಕ್ ಬ್ರೇಕ್ ಬಿತ್ತು, 289. ಪೂರ್ತಿ ಜೀವ ಇದ್ದದ್ದಕ್ಕೆ 53 ಉಳಿಯಿತು. ಈ ಲೆಕ್ಕವನ್ನು ನಾನು ಹಾಕಿಯೇ ಇರಲಿಲ್ಲ. ಆಮೇಲೆ ನೋಡಿದರೆ ಇವಿ ಹಾಕದ ಸಲಮೆನ್ಸ್‌ನ ಬ್ರಿಕ್ ಬ್ರೇಕ್ ಹೆಚ್ಚೆಂದರೆ 308. ಮರುಸರದಿಯಲ್ಲಿ ರಾಕ್ ಸ್ಲೈಡ್ ತಾಗಿತು, ಸಲಮೆನ್ಸ್ ಉರುಳಿತು. ಕುರ್ಚಿಯಿಂದ ಎದ್ದು ನಿಂತೆ. ಒಳಗಿನಿಂದ ಹೆಂಡತಿ "ಏನಾಯ್ತ್ರೀ?" ಅಂದಳು. "ಏನಿಲ್ಲ" ಅಂದೆ.

ಅವನ ಕೊನೆಯವನು ಒಳಗೆ ಬಂದ. ಡಗ್‌ಟ್ರಿಯೋ. ನೆಲದಿಂದ ತಲೆ ಎತ್ತಿದ ಮೂರು ಹೆಗ್ಗಣ. ಅರೆನಾ ಟ್ರ್ಯಾಪ್, ನೆಲದ ಮೇಲೆ ನಿಂತವರು ಯಾರೂ ಅದರ ಎದುರಿನಿಂದ ಓಡುವಂತಿಲ್ಲ. ಸ್ಪೀಡ್ 372. ಅರ್ತ್‌ಕ್ವೇಕ್‌ಗೆ ಟಿರಾನಿಟಾರ್ ಹೋಯಿತು. ನನ್ನ ಬಳಿ ಉಳಿದದ್ದು ಮ್ಯಾಗ್ನೆಟಾನ್ ಒಂದೇ, ಸ್ಟೀಲ್ ಮತ್ತು ಎಲೆಕ್ಟ್ರಿಕ್, ಅರ್ತ್‌ಕ್ವೇಕ್ ನಾಲ್ಕು ಪಟ್ಟು. ಇಷ್ಟು ದಿನ ಬೇರೆಯವರನ್ನು ಬಾಗಿಲು ಹಾಕಿ ಹಿಡಿದದ್ದು ಈಗ ತಾನೇ ಒಳಗೆ ಸಿಕ್ಕಿಕೊಂಡು ನಿಂತಿತು. ಒಂದೇ ಪೆಟ್ಟು.

ಚಾಟ್‌ನಲ್ಲಿ ಅವನ ಮೆಸೇಜ್: "ಮಾಮ, ಬೀಗದ ಕೈ ನನ್ ಹತ್ರನೂ ಒಂದಿದೆ."

ನೋಟ್‌ಬುಕ್‌ನ ಹೊಸ ಹಾಳೆಯಲ್ಲಿ 372 ಎಂದು ಬರೆದು ಕೆಳಗೆ ಗೆರೆ ಎಳೆದಿಟ್ಟಿದ್ದೇನೆ. ಗಾಳಿಯಲ್ಲಿ ತೇಲುವ ಗೆಂಗಾರನ್ನು ಕೊನೆಯವರೆಗೆ ಉಳಿಸಿಕೊಳ್ಳುವುದೋ, ಸ್ವಾಂಪರ್ಟ್ ಜಾಗಕ್ಕೆ ಸಲಮೆನ್ಸನ್ನೇ ವಾಪಸ್ ಕರೆಯುವುದೋ, ನಾಳೆ ಅಂಗಡಿ ರಜೆ, ಕೂತು ನೋಡಬೇಕು.